ಶರ್ಮನ್ ಟ್ಯಾಂಕ್ ಮಾದರಿಯ ಒಳಭಾಗ ಸರಿ ಕಾಣುತ್ತಿಲ್ಲವೇ? ಲಕ್ಷಣ ನೋಡಿ ತಪ್ಪು ಹುಡುಕುವುದು

ಮೂರು ತಿಂಗಳು ಕೂತು ಮುಗಿಸಿದ 1:35 ಅಳತೆಯ ಶರ್ಮನ್ ಅನ್ನು ನಮ್ಮ ಬೀದಿಯ ನಿವೃತ್ತ ಸೈನಿಕರೊಬ್ಬರಿಗೆ ತೋರಿಸಿದ್ದೆ. ಅವರು ರಷ್ಯಾದ ಟಿ-55 ಟ್ಯಾಂಕಿನಲ್ಲಿ ಲೋಡರ್, ಅಂದರೆ ತೋಪಿಗೆ ಗುಂಡು ತುಂಬುವವರು, ಆಗಿದ್ದವರು. ಕನ್ನಡಕ ಹಣೆಗೇರಿಸಿ, ಮೊಬೈಲ್ ಟಾರ್ಚ್ ಹಾಕಿ, ಹ್ಯಾಚಿನೊಳಗೆ (ಟ್ಯಾಂಕಿನ ಮೇಲಿನ ಬಾಗಿಲು) ಒಂದು ಕಣ್ಣಿಟ್ಟು ನೋಡಿದರು.

"ಗನ್ನರ್ ಸೀಟು ಎಡಗಡೆ ಇಟ್ಟಿದೀಯಲ್ಲಪ್ಪ. ಇದು ಅಮೆರಿಕದ ಗಾಡಿ ಅಲ್ವಾ?"

"ಹೌದು ಸಾರ್."

"ನಮ್ಮ ಟಿ-55ರಲ್ಲಿ ಗನ್ನರ್ ಎಡಕ್ಕೆ, ನಾನು ಬಲಕ್ಕೆ. ಅಮೆರಿಕದವರದ್ದು ಇದಕ್ಕೆ ಉಲ್ಟಾ."

ಕಿಟ್ಟಿನಲ್ಲಿ ಟರೆಟ್ಟಿನ, ಅಂದರೆ ತೋಪು ಹೊತ್ತು ತಿರುಗುವ ಮೇಲಿನ ಗೋಪುರದ, ಒಳಭಾಗ ಇರಲಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸೀಟುಗಳನ್ನು ನಾನೇ ಮಾಡಿದ್ದೆ. ಅದಕ್ಕೂ ಮೊದಲು ಸಾಲಾಗಿ ರಷ್ಯಾದ ಎರಡು ಟಿ-34 ಮಾಡಿದ್ದರಿಂದ ಕೈ ಅದೇ ರೂಢಿಯಲ್ಲಿ ಸೀಟನ್ನು ಎಡಕ್ಕೆ ಅಂಟಿಸಿಬಿಟ್ಟಿತ್ತು. ಬಣ್ಣ ಚೆನ್ನಾಗಿತ್ತು, ಕೂಡಿಕೆ ಚೆನ್ನಾಗಿತ್ತು, ಆದರೆ ಬಂಡಿಯೇ ತಪ್ಪಾಗಿತ್ತು. ಆ ಟರೆಟ್ ಬಿಚ್ಚಿ ಮತ್ತೆ ಮಾಡಿದೆ.

ಒಳಭಾಗ ಸರಿ ಕಾಣದಿದ್ದರೆ ಇನ್ನಷ್ಟು ಸಣ್ಣ ಭಾಗ ಸೇರಿಸೋಣ ಅಂತ ಮನಸ್ಸು ಓಡುತ್ತದೆ. ನಾನು ಕಂಡ ಮಟ್ಟಿಗೆ ಕೊರತೆ ಇರುವುದು ಬಿಡಿಭಾಗಗಳಲ್ಲಲ್ಲ. ಇಟ್ಟ ಜಾಗ ತಪ್ಪಿರುತ್ತದೆ, ಬಣ್ಣದ ಮಟ್ಟ ತಪ್ಪಿರುತ್ತದೆ, ಇಲ್ಲವೇ ಅಂಟಿಸಿದ ಕ್ರಮ ತಪ್ಪಿರುತ್ತದೆ. ಈ ಮೂರನ್ನು ನೋಡಿಕೊಳ್ಳಲು ದುಡ್ಡು ಬೇಕಿಲ್ಲ. ಹಾಗಾಗಿ ಫೋಟೋ ಎಚ್ (ತೆಳು ಲೋಹದ ಬಿಡಿಭಾಗ) ಸೆಟ್, ರೆಸಿನ್ (ಅಚ್ಚು ಹೊಯ್ದ ಬಿಡಿಭಾಗ) ಸೆಟ್ ತರಿಸುವ ಮೊದಲು ಕೆಳಗಿನದನ್ನು ಓದಿ. ಉದಾಹರಣೆಗೆ ಶರ್ಮನ್ ಅನ್ನೇ ಹಿಡಿದಿದ್ದೇನೆ. 1965ರ ಅಸಲ್ ಉತ್ತರ್ ಕಾಳಗದಲ್ಲಿ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟ್ ಹೋರಾಡಿದ್ದು ಈ ಟ್ಯಾಂಕಿನಲ್ಲೇ. ನಮ್ಮಲ್ಲಿ ಇದನ್ನು ಮಾಡುವ ಆಸೆ ಬಹಳ ಜನಕ್ಕಿದೆ.

ಎಲ್ಲಕ್ಕಿಂತ ಮೊದಲು: ಟಾರ್ಚ್ ಪರೀಕ್ಷೆ

ಮೇಲಿನ ಬಾಡಿ, ಟರೆಟ್ ಎರಡನ್ನೂ ಅಂಟಿಸದೆ, ಮಾಸ್ಕಿಂಗ್ ಟೇಪಿನಿಂದ ಹಿಡಿಸಿ ನಿಲ್ಲಿಸಿ. ಹ್ಯಾಚ್‌ಗಳನ್ನು ನೀವು ಕೊನೆಗೆ ಹೇಗೆ ಇಡುತ್ತೀರೋ ಹಾಗೆ ತೆರೆದಿಡಿ. ಈಗ ಮೊಬೈಲ್ ಟಾರ್ಚ್ ಹಿಡಿದು ಮೇಲಿನಿಂದ, ಪಕ್ಕದಿಂದ ನೋಡಿ, ಕಂಡದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿ. ಆರಂಭದ 75 ಮಿ.ಮೀ. ಟರೆಟ್‌ಗಳಲ್ಲಿ ಕಮಾಂಡರನ ಹ್ಯಾಚ್ ಒಂದೇ ಇತ್ತು, ಅದೂ ಬಲಗಡೆ. ಲೋಡರನಿಗೆ ಬೇರೆ ಹ್ಯಾಚ್ ಬಂದದ್ದು ಆಮೇಲೆ. ನಿಮ್ಮದು ಒಂದೇ ಹ್ಯಾಚಿನ ಟರೆಟ್ ಆಗಿದ್ದರೆ ಎಡಗೋಡೆಯ ಕೆಳಭಾಗಕ್ಕೆ ವಾರಗಟ್ಟಲೆ ಕೂರುವುದು ಬೇಡ. ಕಮಾಂಡರನ ಸೀಟು, ತೋಪಿನ ಹಿಂಬದಿ, ಹಿಂದಿನ ರೇಡಿಯೋ, ಹ್ಯಾಚಿನ ಒಳಮೈ, ಇಷ್ಟು ಕಾಣುತ್ತವೆ. ಕಾಣುವುದಕ್ಕೆ ಶ್ರಮ ಹಾಕಿ.

ಲಕ್ಷಣ: ಮೇಲಿನ ಬಾಡಿ ಕೂರುತ್ತಿಲ್ಲ, ಅಂಚಿನಲ್ಲಿ ಸಂದು ಬಿಡುತ್ತಿದೆ

ಒಳಭಾಗ ಸೇರಿಸಿದವರೆಲ್ಲರಿಗೂ ಒಮ್ಮೆಯಾದರೂ ಇದು ಬರುತ್ತದೆ. ಒತ್ತಿ ಕಟ್ಟಿ ಅಂಟು ಹಾಕಿದರೆ ಕೂರುತ್ತದೆ ಅಂತ ಹೊರಡಬೇಡಿ. ಹಾಗೆ ಮಾಡಿದ ಕೂಡಿಕೆ ಆರು ತಿಂಗಳಿಗೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ಸಂದು ಎಲ್ಲಿದೆ ಅನ್ನುವುದೇ ಕಾರಣ ಹೇಳುತ್ತದೆ. ಸುತ್ತಲೂ ಒಂದೇ ಸಮನಾಗಿ ತೆಳ್ಳಗಿದ್ದರೆ ಕೂಡುವ ಅಂಚಿನ ಮೇಲೆ ಬಣ್ಣ ಕೂತಿದೆ. ಬ್ಲೇಡಿನ ಬೆನ್ನಿನಿಂದ ಅಂಚು ಕೆರೆದು ಬರಿ ಪ್ಲಾಸ್ಟಿಕ್ ಕಾಣುವಂತೆ ಮಾಡಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಮುಂದೆ ಮಾತ್ರ ಸಂದಿದ್ದರೆ ಗೇರ್‌ಬಾಕ್ಸ್ ಎತ್ತರ ನಿಂತಿದೆ. ಶರ್ಮನ್‌ನಲ್ಲಿ ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ, ಡ್ರೈವರ್ ಮತ್ತು ಸಹಡ್ರೈವರ್ ನಡುವೆ. ಎಂಜಿನ್ನಿನಿಂದ ಬರುವ ಶಾಫ್ಟ್ ಟರೆಟ್ ಬುಟ್ಟಿಯ (ಟರೆಟ್ಟಿನೊಡನೆ ತಿರುಗುವ ಅದರ ನೆಲ) ಕೆಳಗೆ ಹಾದು ಅದನ್ನು ಸೇರುತ್ತದೆ. ಈ ಸಾಲಿನಲ್ಲಿ ಎಲ್ಲಾದರೂ ಒಂದು ಭಾಗ ಅರ್ಧ ಮಿಲಿಮೀಟರ್ ಮೇಲೆ ನಿಂತರೆ ಮುಂದಿನ ಇಳಿಜಾರು ಫಲಕಕ್ಕೆ ತಾಗುತ್ತದೆ. ಶಾಫ್ಟ್ ತೆಗೆದು ಒಮ್ಮೆ ಮುಚ್ಚಿ ನೋಡಿ. ಕೂತರೆ ದೋಷ ಅದರದ್ದು.

ಪಕ್ಕದಲ್ಲಿ ಸಂದಿದ್ದರೆ ಸ್ಪಾನ್ಸನ್, ಅಂದರೆ ಟ್ರ್ಯಾಕಿನ ಮೇಲೆ ಚಾಚಿಕೊಂಡ ಅಂಕಣ, ಅದರೊಳಗೆ ಕೂರಿಸಿದ ಪೆಟ್ಟಿಗೆಗಳು ದಪ್ಪವಾಗಿವೆ. ನಿಜವಾದ ಶರ್ಮನ್‌ನ ಪಕ್ಕದ ಉಕ್ಕು 38 ಮಿ.ಮೀ. ದಪ್ಪ, 1:35ಕ್ಕೆ ಇಳಿಸಿದರೆ 1.1 ಮಿ.ಮೀ. ಕಿಟ್ಟಿನ ಗೋಡೆ ಅದಕ್ಕಿಂತ ದಪ್ಪ ಇದ್ದರೆ ಆ ಹೆಚ್ಚುವರಿ ದಪ್ಪ ಒಳಗಿನ ಜಾಗವನ್ನೇ ನುಂಗಿರುತ್ತದೆ. ಹೀಗಾಗಿ ಅಳತೆಗೆ ಸರಿಯಾಗಿ ಮಾಡಿದ ರೆಸಿನ್ ಪೆಟ್ಟಿಗೆಯೂ ಕೂರುವುದಿಲ್ಲ. ಪೆಟ್ಟಿಗೆಯ ಕಾಣದ ಬೆನ್ನನ್ನು ತೇಯಿರಿ, ಕಾಣುವ ಮುಖವನ್ನಲ್ಲ.

ರೆಸಿನ್ ತೇಯುವಾಗ ಒಂದು ಎಚ್ಚರಿಕೆ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವಾಟರ್ ಪೇಪರ್ ಒದ್ದೆ ಮಾಡಿಕೊಂಡೇ ತೇಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳು ಆಡುವ ಕೋಣೆಯಲ್ಲಿ ಬೇಡ. ಆಮೇಲೆ ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಲಕ್ಷಣ: ಟರೆಟ್ ತಿರುಗುವಾಗ ಉಜ್ಜುತ್ತದೆ, ಅಥವಾ ಅರ್ಧಕ್ಕೆ ನಿಲ್ಲುತ್ತದೆ

ಒಂದೇ ಕಡೆ ನಿಂತರೆ ಬುಟ್ಟಿಗೆ ಯಾವುದೋ ಒಂದು ಭಾಗ ತಾಗುತ್ತಿದೆ. ಬುಟ್ಟಿಯ ಅಂಚಿಗೆ ಲಿಪ್‌ಸ್ಟಿಕ್ ಅಥವಾ ಪೆನ್ಸಿಲ್ ಪುಡಿ ಸವರಿ ತಿರುಗಿಸಿ. ಗುರುತು ಬಿದ್ದ ಜಾಗವೇ ಅಪರಾಧಿ. ಸುತ್ತಲೂ ಬಿಗಿಯಾಗಿದ್ದರೆ ಬುಟ್ಟಿ ಸೊಟ್ಟಗೆ ಅಂಟಿದೆ, ಇಲ್ಲವೇ ದೊಡ್ಡದಾಗಿದೆ. ಶರ್ಮನ್‌ನ ಟರೆಟ್ ಉಂಗುರದ ವ್ಯಾಸ 69 ಇಂಚು, ಅಂದರೆ ಸುಮಾರು 175 ಸೆಂ.ಮೀ. ನಮ್ಮ ಅಳತೆಯಲ್ಲಿ ಸರಿಯಾಗಿ 5 ಸೆಂ.ಮೀ. ವರ್ನಿಯರ್ ಹಿಡಿದು ನೋಡಿ. ಈ ಒಂದು ಸಂಖ್ಯೆ ನೆನಪಿದ್ದರೆ ಸ್ವಂತವಾಗಿ ಬುಟ್ಟಿ ಮಾಡುವವರಿಗೆ ಮುಕ್ಕಾಲು ಕೆಲಸ ಸುಲಭ.

ಬ್ಯಾರೆಲ್ ಮೇಲೆ ಕೆಳಗೆ ಆಡದಿದ್ದರೆ ತೋಪಿನ ಹಿಂಬದಿಯ ರಕ್ಷಣಾ ತಗಡು ಛಾವಣಿಗೆ ತಾಗುತ್ತಿದೆಯೇ ನೋಡಿ.

ಲಕ್ಷಣ: ಎಲ್ಲವೂ ಇದೆ, ಆದರೂ ಬಲ್ಲವರು ನೋಡಿದರೆ ತಪ್ಪು ಅನ್ನುತ್ತಾರೆ

ಇಲ್ಲಿ ನಿಧಾನವಾಗಿ ಓದಿ. ಕಣ್ಣಿಗೆ ಅಂದವಾಗಿ ಕಂಡರೂ ಬಂಡಿ ಸುಳ್ಳಾಗುವುದು ಇಲ್ಲೇ.

ಮೊದಲು ಜನ ಕೂರುವ ಜಾಗ ನೋಡಿ. ಶರ್ಮನ್‌ನಲ್ಲಿ ಐದು ಜನ. ಮುಂದೆ ಎಡಕ್ಕೆ ಡ್ರೈವರ್, ಬಲಕ್ಕೆ ಸಹಡ್ರೈವರ್. ಟರೆಟ್‌ನಲ್ಲಿ ತೋಪಿನ ಬಲಕ್ಕೆ ಗನ್ನರ್, ಅವನ ಬೆನ್ನ ಹಿಂದೆ ಕಮಾಂಡರ್, ತೋಪಿನ ಎಡಕ್ಕೆ ಲೋಡರ್ ಒಬ್ಬನೇ. ಟಿ-34, ಟಿ-55ಗಳಲ್ಲಿ ಟರೆಟ್‌ನ ಈ ಏರ್ಪಾಡು ಅದಲುಬದಲು. ಡ್ರೈವರನ ಮುಂದೆ ಸ್ಟೀರಿಂಗ್ ಚಕ್ರ ಇಟ್ಟಿದ್ದರೆ ತೆಗೆಯಿರಿ. ಅವನ ಕೈಗೆ ಸಿಗುವುದು ಎರಡು ಉದ್ದನೆಯ ಲಿವರ್. ಮೀಟರುಗಳ ಫಲಕ ಎದುರಿಗೆ ಅಲ್ಲ, ಎಡಬದಿಯ ಸ್ಪಾನ್ಸನ್ ಮೇಲೆ.

ಬ್ರಿಟಿಷರ ಫೈರ್‌ಫ್ಲೈ (ಅವರು ತಮ್ಮ ತೋಪು ಕೂರಿಸಿದ ಶರ್ಮನ್) ಮಾಡುತ್ತಿದ್ದರೆ ಲೆಕ್ಕ ಬೇರೆ. 17 ಪೌಂಡರ್ ತೋಪಿನ ಗುಂಡುಗಳಿಗೆ ಜಾಗ ಬೇಕೆಂದು ಸಹಡ್ರೈವರನನ್ನೇ ತೆಗೆದುಹಾಕಿದರು. ರೇಡಿಯೋ ಟರೆಟ್‌ನ ಹಿಂದೆ ಬೆಸೆದ ಉಕ್ಕಿನ ಪೆಟ್ಟಿಗೆಗೆ ಹೋಯಿತು. ಫೈರ್‌ಫ್ಲೈಯಲ್ಲಿ ಸಹಡ್ರೈವರನ ಸೀಟು ಕಂಡರೆ ಒಳಭಾಗ ಬೇರೆ ಕಿಟ್ಟಿನಿಂದ ಬಂದಿದೆ ಎಂದರ್ಥ.

ಎರಡನೆಯದು ಗುಂಡುಗಳ ಅಂಕಣ. ನಾನು ಕಂಡ ಮಾದರಿಗಳಲ್ಲಿ ತಪ್ಪು ಹೆಚ್ಚಾಗಿ ಇರುವುದು ಇದರಲ್ಲಿ. ಆರಂಭದ ಶರ್ಮನ್‌ಗಳಲ್ಲಿ ಗುಂಡುಗಳು ಪಕ್ಕದ ಸ್ಪಾನ್ಸನ್‌ಗಳಲ್ಲಿ ಇರುತ್ತಿದ್ದವು. ಏಟು ಬಿದ್ದರೆ ಬೇಗ ಹೊತ್ತಿಕೊಳ್ಳುತ್ತಿದ್ದವು. ಅದಕ್ಕೇ ಆ ಜಾಗದ ಹೊರಗೋಡೆಗೆ ಹೆಚ್ಚುವರಿ ಉಕ್ಕಿನ ಫಲಕ ಬೆಸೆದರು, ಸಾಮಾನ್ಯವಾಗಿ ಬಲಕ್ಕೆ ಎರಡು, ಎಡಕ್ಕೆ ಒಂದು. 1944ರಲ್ಲಿ ಗುಂಡುಗಳನ್ನು ನೆಲದ ಕೆಳಗಿಳಿಸಿ, ಸುತ್ತ ನೀರು ತುಂಬಿದ ಕವಚ ಕೊಟ್ಟ ಮಾದರಿಗಳು ಬಂದವು. ಇವನ್ನೇ ವೆಟ್ ಅನ್ನುವುದು. ಇವುಗಳಲ್ಲಿ ಟರೆಟ್ ಬುಟ್ಟಿಯ ನೆಲವನ್ನೂ ಕಡಿಮೆ ಮಾಡಿದರು, ಕೆಳಗಿನ ಗುಂಡುಗಳು ಕೈಗೆ ಸಿಗಲಿ ಅಂತ.

ಇದನ್ನು ಹೊರಗಿನಿಂದಲೇ ಪತ್ತೆ ಮಾಡಬಹುದು. ನಿಮ್ಮ ಎಂ4ಎ3ಯ (ಎಂ4 ಅಂದರೆ ಶರ್ಮನ್, ಎ1, ಎ2, ಎ3 ಅದರ ಬಗೆಗಳು) ಮುಂದಿನ ಫಲಕ 47 ಡಿಗ್ರಿ ವಾಲಿದ್ದು, ಡ್ರೈವರ್ ಹ್ಯಾಚ್‌ಗಳು ದೊಡ್ಡವಾಗಿದ್ದರೆ ಅದು ಸಾಮಾನ್ಯವಾಗಿ ವೆಟ್. ಫಲಕ 56 ಡಿಗ್ರಿ ವಾಲಿದ್ದು ಹ್ಯಾಚ್ ಚಿಕ್ಕವಾಗಿದ್ದರೆ ಹಳೆಯ ಬಗೆ. ಹೊರಗೆ ಹೆಚ್ಚುವರಿ ಫಲಕ ಅಂಟಿಸಿ ಒಳಗೆ ನೆಲದಡಿಯ ವೆಟ್ ಅಂಕಣ ಇಟ್ಟರೆ ಎರಡು ಕಾಲ ಒಂದೇ ಬಂಡಿಯಲ್ಲಿ ಸೇರಿದಂತಾಗುತ್ತದೆ. ಬಾಡಿ ಒಂದು ಕಡೆ, ಒಳಸೆಟ್ ಇನ್ನೊಂದು ಕಡೆ ಕೊಂಡಾಗ ಹೀಗಾಗುತ್ತದೆ.

ಎಂಜಿನ್ ಕೋಣೆ ತೆರೆದು ತೋರಿಸುವವರು ಇಷ್ಟು ನೋಡಿಕೊಂಡರೆ ಸಾಕು: ಎಂ4 ಮತ್ತು ಎಂ4ಎ1ಕ್ಕೆ ಒಂಬತ್ತು ಸಿಲಿಂಡರಿನ ದುಂಡನೆಯ ವಿಮಾನದ ಎಂಜಿನ್, ಎಂ4ಎ2ಕ್ಕೆ ಜೋಡಿ ಡೀಸೆಲ್, ಎಂ4ಎ3ಕ್ಕೆ ಫೋರ್ಡ್ ವಿ8, ಎಂ4ಎ4ಕ್ಕೆ ಐದು ಎಂಜಿನ್ ಕೂಡಿಸಿದ 30 ಸಿಲಿಂಡರಿನ ಕ್ರೈಸ್ಲರ್.

ಗುಂಡುಗಳ ಅಳತೆಯನ್ನೂ ಪರೀಕ್ಷಿಸಿ. 75 ಮಿ.ಮೀ. ತೋಪಿನ ಹಿತ್ತಾಳೆ ಕೇಸ್ 350 ಮಿ.ಮೀ. ಉದ್ದ, ಅಂದರೆ ಮಾದರಿಯಲ್ಲಿ 10 ಮಿ.ಮೀ., ತುದಿಯ ಗುಂಡಿನ ದಪ್ಪ 2 ಮಿ.ಮೀ.ಗೆ ತುಸು ಹೆಚ್ಚು. ಇನ್ನು ಬಣ್ಣ. ಸ್ಫೋಟಕ ಗುಂಡಿಗೆ ಆಲಿವ್ ಹಸಿರು ಮೈ, ಹಳದಿ ಅಕ್ಷರ. ಕವಚ ಭೇದಿಸುವುದಕ್ಕೆ ಕಪ್ಪು ಮೈ, ಬಿಳಿ ಅಕ್ಷರ. ಹೊಗೆ ಗುಂಡಿಗೆ ಬೂದು ಮೈ, ಹಳದಿ ಪಟ್ಟಿ. ಎಲ್ಲವನ್ನೂ ತುದಿಯವರೆಗೆ ಚಿನ್ನದ ಬಣ್ಣ ಬಳಿದರೆ ದೀಪಾವಳಿ ಪಟಾಕಿಯ ಹಾಗೆ ಕಾಣುತ್ತದೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಊಹೆಯಿಂದ ಮುಂದುವರಿಯಬೇಡಿ. ಅಮೆರಿಕ ಸೇನೆಯದೇ ಕೈಪಿಡಿಗಳಿವೆ. ಎಂ4ಎ3ಗೆ ಟಿಎಂ 9-759, ಎಂ4 ಮತ್ತು ಎಂ4ಎ1ಕ್ಕೆ ಟಿಎಂ 9-731ಎ. ಟ್ಯಾಂಕ್ ಓಡಿಸಿದವರು ಯಾರಾದರೂ ಪರಿಚಯ ಇದ್ದರೆ ಮಾದರಿ ತೆಗೆದುಕೊಂಡು ಹೋಗಿ ತೋರಿಸಿ, ಬೇರೆ ಟ್ಯಾಂಕಿನವರಾದರೂ ಪರವಾಗಿಲ್ಲ. ಮಹಾರಾಷ್ಟ್ರದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ನಮ್ಮ ಊರುಗಳ ವೃತ್ತಗಳಲ್ಲಿ ನಿಲ್ಲಿಸಿದ ಟ್ಯಾಂಕ್‌ಗಳ ಹ್ಯಾಚ್ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಆದರೂ ಬಾಗಿಲಿನ ದಪ್ಪ, ಹಿಡಿಕೆ ಸವೆದ ರೀತಿ, ಇವನ್ನು ಅಲ್ಲೇ ಕಲಿಯಬಹುದು.

ಲಕ್ಷಣ: ಒಳಗೆಲ್ಲ ಆಟಿಕೆಯಂತೆ ಬೆಳ್ಳಗೆ ಹೊಳೆಯುತ್ತದೆ

ಶರ್ಮನ್‌ನ ಒಳಭಾಗ ಬಿಳಿಯೇ. ಕತ್ತಲ ಪೆಟ್ಟಿಗೆಯೊಳಗೆ ಇರುವ ಬೆಳಕು ಚೆಲ್ಲಲಿ ಅಂತ ಬಿಳಿ ಬಳಿದರು. ಆದರೆ ಡಬ್ಬಿಯ ಅಪ್ಪಟ ಬಿಳಿ ಇಷ್ಟು ಚಿಕ್ಕ ಅಳತೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಬಿಳಿ ಒಂಬತ್ತು ಪಾಲಿಗೆ ತಿಳಿ ಮಣ್ಣು ಬಣ್ಣ ಒಂದು ಪಾಲು ಬೆರೆಸಿ ನೋಡಿ. ಹಾಲಿಗೆ ಒಂದು ತೊಟ್ಟು ಡಿಕಾಕ್ಷನ್ ಬಿದ್ದಷ್ಟು ಬದಲಾದರೆ ಸಾಕು.

ಹ್ಯಾಚಿನ ಒಳಮೈ ಬಿಳಿಯಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಹ್ಯಾಚ್ ತೆರೆದಾಗ ಅದು ಹೊರಕ್ಕೆ ತಿರುಗುತ್ತದೆ. ಬಿಳಿ ಇದ್ದರೆ ಆಕಾಶದಿಂದ ಎದ್ದು ಕಾಣುತ್ತದೆ. ಆದ್ದರಿಂದ ಅದಕ್ಕೆ ಹೊರಗಿನ ಆಲಿವ್ ಬಣ್ಣವನ್ನೇ ಬಳಿಯುತ್ತಿದ್ದರು. ಜರ್ಮನ್ ಟೈಗರ್ ಮಾಡುತ್ತಿರುವವರಿಗೂ ಇದೇ ಮಾತು: ಗೋಡೆಗೆ ದಂತದ ಬಣ್ಣ, ನೆಲಕ್ಕೆ ಕೆಂಪು ಪ್ರೈಮರ್, ಹ್ಯಾಚ್ ಒಳಮೈಗೆ ಹೊರಬಣ್ಣ.

ಆಮೇಲೆ ಕೊಳೆ. ಇಡೀ ಕೋಣೆಗೆ ಒಂದೇ ಸಮ ಕಂದು ವಾಶ್ (ನೀರಾಗಿ ಕಲಸಿದ ಬಣ್ಣ) ಸುರಿಯಬೇಡಿ. ಐದು ಜನ ಗಂಡಸರು ಬೂಟು ಹಾಕಿಕೊಂಡು ಇಳಿದು ಹತ್ತುವ ಜಾಗ ಇದು. ಕಮಾಂಡರ್ ಕೆಳಗಿಳಿಯುವಾಗ ಬೂಟು ಮೊದಲು ಹ್ಯಾಚ್ ಅಂಚಿಗೆ, ಆಮೇಲೆ ಸೀಟಿಗೆ, ಆಮೇಲೆ ಬುಟ್ಟಿಯ ನೆಲಕ್ಕೆ. ನನ್ನ ಈಗಿನ ಶರ್ಮನ್‌ನಲ್ಲಿ ಸೀಟಿನ ಮುಂಭಾಗದ ಅಂಚಿಗೆ ಮಾತ್ರ ಕಂದು ಬಣ್ಣ ಒಣ ಬ್ರಷ್ಷಿನಿಂದ ನಾಲ್ಕು ಸಲ ಎಳೆದಿದ್ದೇನೆ, ಹಿಂಭಾಗ ಹೊಸದರಂತೆ ಬಿಟ್ಟಿದ್ದೇನೆ. ನೆಲದ ಮೂಲೆಗಳಲ್ಲಿ ಮಣ್ಣು ಪುಡಿ, ನಡುವೆ ಉಕ್ಕು ಸವೆದ ಪೆನ್ಸಿಲ್ ಹೊಳಪು. ಭುಜದ ಎತ್ತರದಲ್ಲಿ ಗೋಡೆಗೆ ಎಣ್ಣೆಗೈ ತಾಗಿದ ತೆಳು ಕಪ್ಪು. ಛಾವಣಿ ಸ್ವಚ್ಛ.

ಲಕ್ಷಣ: ಹ್ಯಾಚಿನಿಂದ ನೋಡಿದರೆ ಬರೀ ಕತ್ತಲು

ವಾಶ್ ಹೆಚ್ಚಾಗಿದೆ. ಮೇಜಿನ ಮೇಲೆ ಬಿಡಿಯಾಗಿ ಇದ್ದಾಗ ಚೆನ್ನಾಗಿ ಕಂಡದ್ದು ಮುಚ್ಚಿದ ಮೇಲೆ ಎರಡು ಪಟ್ಟು ಕಪ್ಪಾಗುತ್ತದೆ. ಒಳಬಣ್ಣವನ್ನು ಬೇಕಾದದ್ದಕ್ಕಿಂತ ಒಂದು ಮಟ್ಟ ತಿಳಿಯಾಗಿಯೇ ಬಿಡಿ. ಹೊರಬಣ್ಣ ಸ್ಪ್ರೇ ಮಾಡುವಾಗ ಹ್ಯಾಚಿನೊಳಗೆ ಹಸಿರು ಮಂಜು ನುಗ್ಗಿದ್ದರೂ ಹೀಗಾಗುತ್ತದೆ. ಒದ್ದೆ ಟಿಶ್ಯೂ ತುರುಕಿ ಬಾಯಿ ಮುಚ್ಚಿದ ಮೇಲೆಯೇ ಏರ್‌ಬ್ರಷ್ ಹಿಡಿಯಿರಿ.

ಲಕ್ಷಣ: ಗೋಡೆಯ ಮೇಲೆ ದುಂಡನೆಯ ತಗ್ಗುಗಳು

ಅಚ್ಚಿನಿಂದ ಭಾಗವನ್ನು ತಳ್ಳಿದ ಪಿನ್ನಿನ ಗುರುತು. ಟಾರ್ಚ್ ಪರೀಕ್ಷೆಯಲ್ಲಿ ಕಾಣದಿದ್ದರೆ ಬಿಟ್ಟುಬಿಡಿ. ಕಂಡರೆ ಪುಟ್ಟಿ ತುಂಬಿ, ಪೂರ್ತಿ ಒಣಗಿದ ಮೇಲೆ ತೇಯಿರಿ. ಸೀಟು, ಪೆಟ್ಟಿಗೆ ಬಂದು ಮುಚ್ಚುವ ಕಡೆ ಅದೂ ಬೇಡ.

ಲಕ್ಷಣ: ಮುಚ್ಚಿದ ಎರಡು ದಿನಕ್ಕೆ ಒಳಗೆ ಬಿಳಿ ಮಂಜು, ಪೆರಿಸ್ಕೋಪ್ ಮಬ್ಬು

ಮಳೆಗಾಲದಲ್ಲಿ ಇದು ನನ್ನನ್ನು ಬಹಳ ಕಾಡಿದೆ. ಫೆವಿಕ್ವಿಕ್ ಜಾತಿಯ ಅಂಟು ಒಣಗುವಾಗ ಆವಿ ಬಿಡುತ್ತದೆ. ತೇವದ ಗಾಳಿಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಆ ಆವಿ ಹೋಗಲು ದಾರಿಯಿಲ್ಲದೆ ಬಿಳಿ ಪುಡಿಯಾಗಿ ಕೂರುತ್ತದೆ. ಕೈಗೆ ಸಿಗುವ ಪಾರದರ್ಶಕ ಭಾಗಕ್ಕೆ ತೆಳುವಾಗಿ ಹೊಳಪಿನ ವಾರ್ನಿಶ್ ಸವರಿದರೆ ಮಬ್ಬು ಬಹುಪಾಲು ಕರಗುತ್ತದೆ. ಅಸಿಟೋನ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ಕೇ ಕರಗಿಹೋಗುತ್ತದೆ. ಮುಂದಿನ ಸಲ ಪಾರದರ್ಶಕ ಭಾಗಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟು ಹಾಕಿ, ಮುಚ್ಚುವ ಮೊದಲು ಒಂದು ರಾತ್ರಿ ಗಾಳಿಗೆ ಬಿಡಿ.

ಫೆವಿಕ್ವಿಕ್ ಜಾತಿಯ ಅಂಟು ಹತ್ತಿ ಬಟ್ಟೆಗೆ ಸುರಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಲುಂಗಿ, ಕಾಟನ್ ಪ್ಯಾಂಟ್ ಹಾಕಿ ತೊಡೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ. ಕಣ್ಣಿಗೆ ಹಾರಿದರೆ ಉಜ್ಜದೆ, ರೆಪ್ಪೆ ಎಳೆಯದೆ, ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಲಕ್ಷಣ: ವಾಶ್ ಹಾಕಿದ ಮೇಲೆ ಭಾಗಗಳು ಬಿರುಕು ಬಿಟ್ಟವು

ಟರ್ಪೆಂಟೈನ್ ಬೆರೆಸಿದ ವಾಶ್ ಬರಿ ಪ್ಲಾಸ್ಟಿಕ್ಕಿನ ಸಂದಿಗೆ ಇಳಿದಿದೆ. ಬಿಗಿಯಾಗಿ ಬಾಗಿಸಿ ಅಂಟಿಸಿದ ಜಾಗವೇ ಮೊದಲು ಸೀಳುತ್ತದೆ. ಎಳೆದಾಡದೆ ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ತೆಳು ಅಂಟನ್ನು ಬ್ರಷ್ ತುದಿಯಿಂದ ಬಿರುಕಿಗೆ ಮುಟ್ಟಿಸಿದರೆ ತಾನಾಗಿ ಒಳಗೆ ಹರಿಯುತ್ತದೆ. ಇನ್ನೊಮ್ಮೆ ಮಾಡುವಾಗ ವಾಶ್‌ಗೆ ಮೊದಲು ಹೊಳಪಿನ ವಾರ್ನಿಶ್ ಕೋಟ್ ಹಾಕಿ, ವಾಶ್ ಅನ್ನು ಸುರಿಯದೆ ಗೆರೆಗಳಿಗೆ ಮಾತ್ರ ಮುಟ್ಟಿಸಿ. ಥಿನ್ನರ್, ಟರ್ಪೆಂಟೈನ್ ಬಾಟಲಿ ತೆರೆದಿರುವಾಗ ಗ್ಯಾಸ್ ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಯಾವುದೂ ಆ ಕೋಣೆಯಲ್ಲಿ ಇರಬಾರದು. ಕಿಟಕಿ ತೆರೆದಿರಲಿ. ತಲೆ ಭಾರವಾದರೆ ಅಂದಿಗೆ ಕೆಲಸ ನಿಲ್ಲಿಸಿ.

ಲಕ್ಷಣ: ಮುಚ್ಚಿ ಅಂಟಿಸಿದ ಮೇಲೆ ಒಳಗೆ ಏನೋ ಗಲಗಲ ಅನ್ನುತ್ತಿದೆ

ಮಾದರಿಯನ್ನು ನಿಧಾನವಾಗಿ ವಾಲಿಸಿ, ಬಿದ್ದ ಭಾಗ ಹ್ಯಾಚ್ ಹತ್ತಿರ ಬರುತ್ತದೆಯೇ ನೋಡಿ. ಬಂದರೆ ಟ್ವೀಜರ್ ತುದಿಗೆ ಎರಡು ಬದಿ ಅಂಟುವ ಟೇಪಿನ ಚೂರು ಸುತ್ತಿ ಎತ್ತಿಕೊಳ್ಳಿ. ಬಾರದಿದ್ದರೆ ಕಾಣದ ಮೂಲೆಗೆ ಜಾರಿಸಿ, ಕೆಳಗಿನ ಸಣ್ಣ ತೂತಿನಿಂದ ಸಿರಿಂಜ್‌ನಲ್ಲಿ ಎರಡು ಹನಿ ಬಿಳಿ ಅಂಟು ಬಿಟ್ಟು, ಅದೇ ವಾಲಿನಲ್ಲಿ ರಾತ್ರಿಯಿಡೀ ನಿಲ್ಲಿಸಿ. ಸದ್ದು ನಿಲ್ಲುತ್ತದೆ.

ಬಿಚ್ಚಲೇಬೇಕು ಅನ್ನಿಸಿದರೆ ಯಾವ ಅಂಟು ಹಾಕಿದ್ದೀರಿ ನೆನಪಿಸಿಕೊಳ್ಳಿ. ಫೆವಿಕ್ವಿಕ್ ಬಗೆಯದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟರೆ ಅಂಟು ಪೆಡಸಾಗುತ್ತದೆ, ಮೆಲ್ಲನೆ ತಿರುಚಿದರೆ ಬಿಡುತ್ತದೆ. ನನ್ನ ಟರೆಟ್ ಬಿಟ್ಟದ್ದು ಹೀಗೆ. ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ಸಿಮೆಂಟ್ ಹಾಕಿದ್ದರೆ ಎರಡು ಭಾಗ ಈಗ ಒಂದೇ ಆಗಿವೆ. ಬ್ಲೇಡ್ ಹಾಕಿ ಮೀಟಬೇಡಿ, ಜಾರಿದರೆ ಸೀಳುವುದು ನಿಮ್ಮ ಎಡಗೈ ಹೆಬ್ಬೆರಳು. ಸಣ್ಣ ಗರಗಸದಿಂದ ಕೂಡಿಕೆಯ ಗೆರೆಯಲ್ಲೇ ಕೊಯ್ದ ಅನುಭವ ಇಲ್ಲದಿದ್ದರೆ, ಮಾಡಿ ಗೊತ್ತಿರುವವರ ಕೈಗೆ ಕೊಡಿ. ಅಂಥವರು ಸಿಗದಿದ್ದರೆ ಹ್ಯಾಚ್ ಮುಚ್ಚಿ ಅಂಟಿಸಿ, ಈ ಬಂಡಿಯನ್ನು ಹೊರಗಿನಿಂದ ನೋಡುವ ಮಾದರಿಯಾಗಿಯೇ ಉಳಿಸಿಕೊಳ್ಳಿ.